ಬಂದೇರಾಸ್ ಕೊಲ್ಲಿಯ ತೀರದಲ್ಲಿ ಎಂಟು ದಿನ

ಮೆಕ್ಸಿಕೋ ದೇಶಕ್ಕೆ ಹೋಗಬೇಕೆಂಬ ಬಯಕೆ ನನಗೆ ಎಂದೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರವಾಸಕಥನಗಳನ್ನು ತರಗತಿಯಲ್ಲಿ ಪಾಠ ಹೇಳುವವಳು ನಾನು. ಲೇಖಕರೆಲ್ಲ ತಾವು ಕಂಡ ಊರನ್ನು ಬಾಲ್ಯದಿಂದಲೂ ಕನಸಿನಲ್ಲಿ ಕಾಣುತ್ತಿದ್ದುದಾಗಿ ಬರೆಯುವುದನ್ನು ಓದಿ ಓದಿ, ಆ ಮಾತಿನಲ್ಲಿ ನನಗೆ ನಂಬಿಕೆ ಕಡಮೆಯಾಗಿದೆ. ನಾನು ಹೋದದ್ದು ತಮ್ಮ ಕರೆದನೆಂದು. ತಮ್ಮ ಕರೆದದ್ದು ತಾಯಿಯವರ ಮೊಣಕಾಲು ಕ್ಯಾಲಿಫೋರ್ನಿಯಾದ ಚಳಿಗೆ ಹಿಡಿದುಕೊಂಡಿತೆಂದು. ಅವನ ಮಗಳ ಶಾಲೆಗೆ ಕ್ರಿಸ್ಮಸ್ಸಿನ ರಜೆ ಎರಡು ವಾರ. ಆ ಎರಡು ವಾರಗಳಲ್ಲಿ ಅಲ್ಲಿಯ ಜನ ಬಿಸಿಲನ್ನು ಹುಡುಕಿಕೊಂಡು ದಕ್ಷಿಣದ ಕಡಲತೀರಗಳಿಗೆ ಹೊರಡುವುದು ಒಂದು ಪದ್ಧತಿಯೇ ಆಗಿದೆ. ನಮ್ಮಲ್ಲಿ ಬೇಸಗೆಯಲ್ಲಿ ಅಜ್ಜಿಯ ಮನೆಗೆ ಹೋಗುತ್ತಿದ್ದಂತೆ ಎನ್ನೋಣವೇ? ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಹೀಗೆ 2024ರ ಡಿಸೆಂಬರಿನಲ್ಲಿ, ಕಾಲೇಜಿನಲ್ಲಿ ಪಾಠಗಳು ನಡೆಯುತ್ತಿರುವಾಗಲೇ ಗಳಿಕೆ ರಜೆಗೆ ಅರ್ಜಿ ಕೊಟ್ಟು, ನಾನು, ನನ್ನ ಯಜಮಾನರು, ಹನ್ನೆರಡು ವರ್ಷದ ಮಗ, ಎಪ್ಪತ್ತಾರರ ತಾಯಿ, ಇಷ್ಟು ಜನ ತಮ್ಮನ ಮನೆ ಸೇರಿ, ಅಲ್ಲಿಂದ ತಮ್ಮ, ಅವನ ಹೆಂಡತಿ, ಒಂಬತ್ತು ವರ್ಷದ ಮಗಳೊಡನೆ ಮತ್ತೆ ವಿಮಾನವೇರಿದೆವು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಮೆಕ್ಸಿಕೋ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಮೂರೂವರೆ ಗಂಟೆಗಳ ಹಾರಾಟ. ಕೆಳಗೆ ನೋಡಿದರೆ, ಒಂದು ಕಡೆ ಹಸಿರು ಬೆಟ್ಟಗಳ ಸಾಲು, ಮತ್ತೊಂದು ಕಡೆ ಕುದುರೆಯ ಲಾಳದಂತೆ ಬಾಗಿದ ನೀಲಿ ಕೊಲ್ಲಿ, ಎರಡರ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಕೆಂಪು ಹೆಂಚಿನ ಊರು.

ಊರಿನ ಹೆಸರು ಪ್ವೆರ್ತೊ ವಯಾರ್ತಾ. ಬರೆಯುವಾಗ ಎರಡು ‘ಲ’ಕಾರಗಳನ್ನು ಬರೆದು ಓದುವಾಗ ‘ಯ’ಕಾರವಾಗಿ ಓದುವುದು ಸ್ಪಾನಿಷ್ ಭಾಷೆಯ ಮರ್ಯಾದೆ. ನನ್ನ ಮಗ ಎರಡು ದಿನ ‘ವಲ್ಲಾರ್ತಾ’ ಎಂದೇ ಹೇಳಿ, ಮೂರನೆಯ ದಿನ ಅಂಗಡಿಯವಳಿಂದ ತಿದ್ದಿಸಿಕೊಂಡ. ಹಾಲಿಸ್ಕೊ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ನಮ್ಮ ಪುರಿಗಿಂತ ತುಸು ಉತ್ತರದ ಅಕ್ಷಾಂಶದಲ್ಲಿ ಇದೆ. ಆದುದರಿಂದ ಡಿಸೆಂಬರಿನ ಹಗಲು ಹಿತವಾದ ಬಿಸಿಲು. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತೆ. ಹಿಂದೆ ನಿಂತ ಬೆಟ್ಟಗಳು ಸಿಯೆರ್ರಾ ಮಾದ್ರೆ. ಈ ಹೆಸರನ್ನು ನಾನು ಮೊದಲು ಕೇಳಿದ್ದು ತಂದೆಯವರ ಬಾಯಿಂದ. ಅವರು ಪ್ರೌಢಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದರು. ಮನೆಯಲ್ಲಿಯೂ ಬಿಡುತ್ತಿರಲಿಲ್ಲ, ಊಟದ ಎಲೆಯ ಮೇಲೆ ಅನ್ನವನ್ನು ಗುಡ್ಡೆಮಾಡಿ, ಸಾರು ಎತ್ತ ಹರಿಯಿತೆಂದು ಕೇಳಿ, ಅತ್ತ ಪೆಸಿಫಿಕ್ ಎನ್ನುವರು.

ಊರಿನ ಚರಿತ್ರೆಯೆಂದರೆ ಉಪ್ಪಿನ ಚರಿತ್ರೆ. 1851ರಲ್ಲಿ ಗ್ವಾದಲೂಪೆ ಸಾಂಚೆಸ್ ಎಂಬ ದೋಣಿಯ ವ್ಯಾಪಾರಿ ಕುಟುಂಬ ಸಮೇತನಾಗಿ ಇಲ್ಲಿ ನೆಲಸಿದ. ದೋಣಿಯಲ್ಲಿ ಉಪ್ಪನ್ನು ತಂದು ಇಳಿಸುವುದು, ಅದನ್ನು ಹೇಸರಗತ್ತೆಗಳ ಬೆನ್ನಿಗೇರಿಸಿ ಬೆಟ್ಟದ ಮೇಲಿನ ಬೆಳ್ಳಿಯ ಗಣಿಗಳಿಗೆ ಕಳುಹಿಸುವುದು, ಇದು ಅವನ ಕಸುಬು. ಬೆಳ್ಳಿಗೂ ಉಪ್ಪಿಗೂ ಏನು ನಂಟು ಎಂದರೆ, ಅದಿರನ್ನು ಪುಡಿಮಾಡಿ, ಉಪ್ಪು ಪಾದರಸಗಳೊಡನೆ ಅಂಗಳದಲ್ಲಿ ಹರಡಿ ತುಳಿಸಿ ಬೆಳ್ಳಿಯನ್ನು ಬೇರ್ಪಡಿಸುವ ವಿಧಾನ ಮೆಕ್ಸಿಕೋದಲ್ಲಿ ಹದಿನಾರನೆಯ ಶತಮಾನದಿಂದ ಬಂದದ್ದು. 1918ರಲ್ಲಿ ಹಾಲಿಸ್ಕೊದ ಮಾಜಿ ರಾಜ್ಯಪಾಲ, ನ್ಯಾಯವೇತ್ತ ಇಗ್ನಾಸಿಯೊ ವಯಾರ್ತಾ ಅವರ ಹೆಸರನ್ನು ಊರಿಗೆ ಇಟ್ಟರು. ಬೆಳ್ಳಿ ಸೊರಗಿ, ಊರು ಮೀನು ಬಾಳೆಗಳನ್ನು ನಂಬಿಕೊಂಡು ಮಂಕಾಗಿದ್ದಾಗ, 1963ರಲ್ಲಿ ಜಾನ್ ಹ್ಯೂಸ್ಟನ್ ಎಂಬ ನಿರ್ದೇಶಕ ಹತ್ತಿರದ ಮಿಸ್ಮಲೋಯಾ ತೀರದಲ್ಲಿ ಒಂದು ಚಲನಚಿತ್ರ ತೆಗೆದ. ನಟ ರಿಚರ್ಡ್ ಬರ್ಟನ್, ಅವನ ಹಿಂದೆಯೇ ಎಲಿಜಬೆತ್ ಟೇಲರ್, ಅವರಿಬ್ಬರ ಹಿಂದೆಯೇ ಜಗತ್ತಿನ ಪತ್ರಿಕೆಯವರು. ಊರಿಗೆ ಬೆಳ್ಳಿ ಮತ್ತೆ ಬಂದಿತು; ಈ ಸಲ ಬೆಳ್ಳಿತೆರೆಯ ರೂಪದಲ್ಲಿ. ಆ ಕಥೆಯನ್ನು ಅಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಾವು ಇಳಿದುಕೊಂಡದ್ದು ದೊಡ್ಡ ಹೋಟೆಲಿನಲ್ಲಲ್ಲ. ಕ್ವಾಲೆ ಎಂಬ ಪುಟ್ಟ ನದಿಯ ಆಚೆಗೆ, ಉರುಟುಗಲ್ಲು ಹಾಸಿದ ಏರುಬೀದಿಯ ಒಂದು ಬಾಡಿಗೆ ಮನೆಯಲ್ಲಿ. ಒಳಗೆ ಕಾಲಿಟ್ಟೊಡನೆಯೇ ತಾಯಿಯವರು ಅಡುಗೆಮನೆಯನ್ನು ಪರೀಕ್ಷಿಸಿದರು. ಮೂಲೆಯಲ್ಲಿ ಮೂರು ಕಾಲಿನ ಕಪ್ಪು ಕಲ್ಲಿನ ಬಟ್ಟಲು, ಅದರೊಳಗೊಂದು ಗುಂಡು. “ಒರಳು!” ಎಂದರು. ಅದರ ಹೆಸರು ಮೊಲ್ಕಾಹೇತೆ. ಹೆಸರು ಅವರಿಗೆ ಬೇಕಾಗಿರಲಿಲ್ಲ. ಮರುದಿನ ಬೆಳಗ್ಗೆ ಮನೆಯ ಒಡತಿ ಬಂದು ಸುಟ್ಟ ಟೊಮೇಟೊ, ಹಸಿಮೆಣಸಿನಕಾಯಿ, ಉಪ್ಪು, ಕೊತ್ತಂಬರಿಸೊಪ್ಪುಗಳನ್ನು ಅದರಲ್ಲಿ ಅರೆದು ತೋರಿಸುವಾಗ, ತಾಯಿಯವರು ಗುಂಡನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಅರೆಯತೊಡಗಿದರು. ಇಬ್ಬರಿಗೂ ಪರಸ್ಪರ ಒಂದು ಮಾತೂ ತಿಳಿಯದು. ಚಟ್ನಿ ಮಾತ್ರ ತಿಳಿಯಿತು.

ಆ ಒಡತಿಯ ಮನೆಯಲ್ಲಿ ಜೋಳ ಬೇಯಿಸುವುದನ್ನು ನೋಡಲು ಹೋದದ್ದು ನನ್ನ ಇಡೀ ಪ್ರವಾಸದ ಒಳ್ಳೆಯ ಗಂಟೆಗಳಲ್ಲೊಂದು. ಮುಸುಕಿನ ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಬೆಳಗ್ಗೆ ಉಜ್ಜಿ ತೊಳೆದರೆ ಸಿಪ್ಪೆ ಬಿಡುತ್ತದೆ. ಆಮೇಲೆ ರುಬ್ಬಿ, ಹಿಟ್ಟನ್ನು ತಟ್ಟಿ, ಕಾದ ಹಂಚಿನ ಮೇಲೆ ಹಾಕಿದರೆ ತೊರ್ತಿಯಾ. ಸುಣ್ಣ ಸಿಪ್ಪೆ ಬಿಡಿಸುವುದಕ್ಕೆ ಮಾತ್ರವಲ್ಲ. ಜೋಳದಲ್ಲಿ ಅಡಗಿರುವ ಒಂದು ಜೀವಸತ್ತ್ವ ನಮ್ಮ ದೇಹಕ್ಕೆ ದಕ್ಕುವುದು ಈ ಸಂಸ್ಕಾರದಿಂದಲೇ. ಯೂರೋಪಿನವರು ಜೋಳವನ್ನು ಕೊಂಡೊಯ್ದರು, ಸುಣ್ಣವನ್ನು ಇಲ್ಲಿಯೇ ಬಿಟ್ಟರು. ಜೋಳವೊಂದನ್ನೇ ತಿಂದು ಬದುಕಿದ ಇಟಲಿ ಸ್ಪೇನುಗಳ ಬಡವರು ಪೆಲಾಗ್ರ ಎಂಬ ಚರ್ಮರೋಗದಿಂದ ನರಳಿದರು. ತಾಯಿಯವರಿಗೆ ಇದನ್ನು ವಿವರಿಸಿದಾಗ ಅವರು ಆಶ್ಚರ್ಯಪಡಲಿಲ್ಲ. “ಸುಣ್ಣವಿಲ್ಲದೆ ಎಲೆಯಡಿಕೆ ಹಾಕಿದರೆ ಆಗುತ್ತದೆಯೇ?” ಎಂದು ಕೇಳಿದರು. ಇದಕ್ಕೆ ಉತ್ತರ ನನ್ನಲ್ಲಿಲ್ಲ.

ಸಸ್ಯಾಹಾರಿಗಳು ಅಲ್ಲಿ ಎಚ್ಚರದಿಂದಿರಬೇಕು. ಬೇಯಿಸಿ ಹಿಸುಕಿದ ಹುರುಳಿಕಾಯಿ ಕಾಳಿನ ಪಲ್ಯ ನೋಡಲು ನಿರುಪದ್ರವಿ. ಆದರೆ ಒಗ್ಗರಣೆ ಹಂದಿಯ ಕೊಬ್ಬಿನದಾಗಿರಬಹುದು. ‘ಮಂತೇಕಾ’ ಇಲ್ಲದೆ ಎಂದು ಕೇಳಿ ಪಡೆಯಬೇಕು. ಸಂದೇಹವಿಲ್ಲದ ಪದಾರ್ಥವೆಂದರೆ ಪಾಪಾಸುಕಳ್ಳಿ. ಓದುಗರು ನಗಬಾರದು, ನಮ್ಮ ಬಯಲುಸೀಮೆಯಲ್ಲಿ ಬೇಲಿಗೆ ಬೆಳೆಯುವ ಆ ಕಳ್ಳಿಯ ಬಳಗದ ಗಿಡವೇ ಮೆಕ್ಸಿಕೋದ ನೊಪಾಲ್. ಅದರ ಎಳೆಯ ಹಲಗೆಗಳ ಮುಳ್ಳನ್ನು ಚೂರಿಯಿಂದ ಹೆರೆದು ತೆಗೆದು, ಹೆಚ್ಚಿ ಬೇಯಿಸುತ್ತಾರೆ; ಬೆಂಡೆಕಾಯಿಯಂತೆ ಲೋಳೆ, ತುಸು ಹುಳಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಈ ಕಳ್ಳಿಯನ್ನು ಮದರಾಸಿಗೆ ತಂದು ಬೆಳೆಸಿದರು. ಅದರ ಮೇಲೆ ಬಾಳುವ ಕೀಟದಿಂದ ಕೆಂಪು ಬಣ್ಣ ತೆಗೆದು ಮೆಕ್ಸಿಕೋದ ವ್ಯಾಪಾರವನ್ನು ಮುರಿಯಬೇಕೆಂಬುದು ಅವರ ಎಣಿಕೆ. ಬಣ್ಣ ಕೈಗೂಡಲಿಲ್ಲ, ಕಳ್ಳಿ ಹಬ್ಬಿತು. ನಾವು ಅದನ್ನು ಬೇಲಿ ಮಾಡಿಕೊಂಡೆವು, ಗಾದೆ ಮಾಡಿಕೊಂಡೆವು, ಪಲ್ಯ ಮಾಡಿಕೊಳ್ಳಲಿಲ್ಲ. ತಾಯಿಯವರು ಎರಡು ಸಲ ಹಾಕಿಸಿಕೊಂಡು ತಿಂದು, ಊರಿನ ಹಿತ್ತಿಲಿನ ಬೇಲಿಯ ವಿಷಯವಾಗಿ ಬಹಳ ಹೊತ್ತು ಯೋಚಿಸಿದರು.

ಭಾಷೆಯ ಮೇಷ್ಟರಿಗೆ ಸಂತೆಯೆಂದರೆ ನಿಘಂಟು. ನದಿಯ ಬದಿಯ ಸಂತೆಯಲ್ಲಿ ಒಂದು ಮಧ್ಯಾಹ್ನ ನಾನು ತರಕಾರಿಗಿಂತ ಹೆಚ್ಚಾಗಿ ಮಾತುಗಳನ್ನು ಕೊಂಡುಕೊಂಡೆ. ಟೊಮೇಟೊ, ಚಿಲ್ಲಿ, ಚಾಕೊಲೇಟು, ಅವೊಕಾಡೊ, ಈ ಹೆಸರುಗಳೆಲ್ಲ ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಹುಟ್ಟಿ ಜಗತ್ತನ್ನು ಸುತ್ತಿದುವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಇಳಿದಾಗ ಕನ್ನಡ ಅದರ ಹೆಸರನ್ನು ತೆಗೆದುಕೊಳ್ಳಲಿಲ್ಲ. ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಕೊಟ್ಟು ಒಳಕ್ಕೆ ಕರೆದುಕೊಂಡಿತು. ಕೊಲಂಬಸನೂ ಇದೇ ತಪ್ಪನ್ನು ಮಾಡಿದ್ದ. ಅವನು ಇದನ್ನು ಮೆಣಸಿನ ಜಾತಿಯೆಂದೇ ತಿಳಿದ. ಪರಂಗಿ ಹಣ್ಣೋ, ತಂದವರ ಹೆಸರನ್ನೇ ಹಣೆಯ ಮೇಲೆ ಬರೆದುಕೊಂಡಿದೆ. ಹೊಯ್ಸಳ ಶಿಲ್ಪದ ಕೈಗಳಲ್ಲಿರುವುದು ಮುಸುಕಿನ ಜೋಳದ ತೆನೆಯೇ ಎಂಬ ವಾದವೊಂದುಂಟು. ನಮ್ಮ ವಿದ್ವಾಂಸರು ಬಹುಮಟ್ಟಿಗೆ ಒಪ್ಪಿಲ್ಲ, ನಾನೂ ಒಪ್ಪುವುದಿಲ್ಲ. ಆದರೂ ಸಂತೆಯಲ್ಲಿ ತೆನೆಯೊಂದನ್ನು ಕೈಯಲ್ಲಿ ಹಿಡಿದಾಗ ಸೋಮನಾಥಪುರ ಒಂದು ಕ್ಷಣ ನೆನಪಾಯಿತೆಂಬುದನ್ನು ಮುಚ್ಚಿಡುವುದೇಕೆ?

ಆದರೆ ನನ್ನನ್ನು ನಿಲ್ಲಿಸಿದ್ದು ಎದುರುದಿಕ್ಕಿನಲ್ಲಿ ಬಂದ ಪದಗಳು. ಮಾವಿನ ಹಣ್ಣು ಅಲ್ಲಿಯೂ ‘ಮಾಂಗೊ’. ತಮಿಳು ಮಲೆಯಾಳಗಳ ‘ಮಾಂಗಾ’ ಪೋರ್ಚುಗೀಸರ ನಾಲಗೆಯ ಮೇಲೆ ಏರಿ ಹೋದದ್ದು. ಹುಣಿಸೆಹಣ್ಣು ‘ತಮರಿಂದೊ’, ಅರಬ್ಬರು ಅದನ್ನು ಹಿಂದ್ ದೇಶದ ಖರ್ಜೂರ ಎಂದು ಕರೆದರು, ಆ ಮಾತಿನ ಬಾಲದಲ್ಲಿ ನಮ್ಮ ದೇಶದ ಹೆಸರು ಇಂದಿಗೂ ಅಂಟಿಕೊಂಡಿದೆ. ಹುಣಿಸೆಯ ಪಾನಕ, ಖಾರ ಸಕ್ಕರೆ ಹಚ್ಚಿದ ಹುಣಿಸೆಯ ಉಂಡೆ ಅಲ್ಲಿ ಮಕ್ಕಳಿಗೆ ಪ್ರಾಣ. ಇನ್ನೊಂದು ಮೂಲೆಯಲ್ಲಿ, ಗೋಣಿಯ ಮೇಲೆ, ನಿಸ್ಸಂದೇಹವಾಗಿ, ಹಲಸಿನ ಹಣ್ಣು! ಪಕ್ಕದ ನಯಾರಿತ್ ರಾಜ್ಯದಲ್ಲಿ ಬೆಳೆಯುತ್ತಾರಂತೆ. ಹೆಸರು ‘ಯಾಕಾ’. ಮಲೆಯಾಳದ ‘ಚಕ್ಕ’ ಪೋರ್ಚುಗೀಸಿನಲ್ಲಿ ‘ಜಾಕ’ವಾಗಿ, ಇಲ್ಲಿ ‘ಯಾಕಾ’ ಆಗಿದೆ. ತಾಯಿಯವರು ಎಣ್ಣೆ ಹಚ್ಚಿಕೊಳ್ಳದೆ ಕತ್ತರಿಸುತ್ತಿದ್ದ ಆ ಹುಡುಗನ ಕೈಯನ್ನು ನೋಡಿ ತಡೆಯಲಾರದೆ, ಕೈಸನ್ನೆಯಿಂದಲೇ ಪಾಠ ಹೇಳಿದರು.

ಇದೆಲ್ಲ ಹೇಗೆ ಬಂದಿತು? 1565ರಿಂದ 1815ರವರೆಗೆ, ಇನ್ನೂರೈವತ್ತು ವರ್ಷ, ಸ್ಪೇನಿನ ಹಡಗುಗಳು ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೊ ಬಂದರಿಗೆ ಓಡಾಡಿದುವು. ರೇಷ್ಮೆ, ಪಿಂಗಾಣಿ, ಸಂಬಾರ ಇತ್ತ, ಬೆಳ್ಳಿ ಅತ್ತ. ನಾವು ನಿಂತಿದ್ದ ತೀರವನ್ನು ದೂರದಿಂದ ನೋಡುತ್ತಲೇ ಆ ಹಡಗುಗಳು ದಕ್ಷಿಣಕ್ಕೆ ಇಳಿದಿರಬೇಕು. ಆ ದಾರಿಯಲ್ಲಿ ಭಾರತದ ಒಬ್ಬ ಹುಡುಗಿಯೂ ಬಂದಳು. ಕಡಲುಗಳ್ಳರ ಕೈಗೆ ಸಿಕ್ಕಿ, ಕೊಚ್ಚಿಯಲ್ಲಿ ಕ್ರೈಸ್ತಳಾಗಿ, ಮನಿಲಾದಲ್ಲಿ ಮಾರಾಟವಾಗಿ, ಸುಮಾರು 1620ರ ಹೊತ್ತಿಗೆ ಅಕಪುಲ್ಕೊದಲ್ಲಿ ಇಳಿದ ಆಕೆ ಕತರೀನಾ ದೆ ಸಾನ್ ಹ್ವಾನ್ ಎಂಬ ಹೆಸರಿನಿಂದ ಪ್ವೆಬ್ಲಾ ನಗರದಲ್ಲಿ ದಾಸಿಯಾಗಿ, ಆಮೇಲೆ ಸಂತಳೆಂಬ ಗೌರವಕ್ಕೆ ಪಾತ್ರಳಾಗಿ ಬಾಳಿ 1688ರಲ್ಲಿ ತೀರಿಕೊಂಡಳು. ಅವಳ ವಿಷಯ ಓದಿದಂದಿನಿಂದ ನನಗೆ ಒಂದೇ ಕುತೂಹಲ: ಮುಪ್ಪಿನಲ್ಲಿ, ಜ್ವರದಲ್ಲಿ, ಅವಳು ಯಾವ ಭಾಷೆಯಲ್ಲಿ ಕನವರಿಸಿದಳು? ಅವಳ ಚರಿತ್ರೆ ಬರೆದ ಪಾದ್ರಿಗಳು ಕೇಳಿಸಿಕೊಂಡದ್ದು ದೇವರ ಮಾತನ್ನು ಮಾತ್ರ.

ಮನಿಲಾದ ಹಡಗುಗಳು ತಂದ ಮತ್ತೊಂದು ಸಂಪತ್ತು ತೆಂಗು. ಫಿಲಿಪೀನ್ಸಿನ ನಾವಿಕರು ಈ ಕರಾವಳಿಯಲ್ಲಿ ಹೊಂಬಾಳೆಯನ್ನು ಕೊಯ್ದು ರಸವಿಳಿಸುವುದನ್ನು ಕಲಿಸಿದರು. ಅದರ ಹೆಸರು ಇಂದಿಗೂ ಫಿಲಿಪೀನ್ಸಿನ ಮಾತೇ, ‘ತೂಬಾ’. ಕಡಲಂಚಿನ ಕಾಲುದಾರಿಯಲ್ಲಿ ಬಿಳಿಯ ಬಟ್ಟೆಯ ಮುದುಕನೊಬ್ಬ ದೊಡ್ಡ ಸೋರೆಬುರುಡೆಯಲ್ಲಿ ಅದನ್ನು ತುಂಬಿಕೊಂಡು, ಮೇಲೆ ಹೆಚ್ಚಿದ ಸೇಬು, ಕಡಲೆಕಾಯಿ ಬೀಜಗಳನ್ನು ಉದುರಿಸಿ ಮಾರುತ್ತಾನೆ. ತಾಯಿಯವರು “ಹೆಂಡವೇನು?” ಎಂದರು. ತಮ್ಮ, “ಇಲ್ಲ ಅಮ್ಮ, ನೀರಾ” ಎಂದ. ಎರಡಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿದೆಯೆಂಬುದನ್ನು ನಾನು ಹೇಳಲಿಲ್ಲ. ನೀರಾ ಕುಡಿಯಿರೆಂದು ಗಾಂಧೀಜಿಯವರೇ ಹೇಳಿದ್ದರೆಂಬುದನ್ನು ನೆನೆದು ತಾಯಿಯವರು ಒಂದು ಲೋಟ ಕುಡಿದರು. ಮರುದಿನ ತಾವಾಗಿಯೇ ಆ ಮುದುಕ ಬರುವ ಹೊತ್ತಿಗೆ ಅಲ್ಲಿ ಕುಳಿತಿದ್ದರು.

ಕಡಲತೀರದಲ್ಲಿ ಏನು ಮಾಡುತ್ತಾರೆ? ಏನನ್ನೂ ಮಾಡುವುದಿಲ್ಲ, ಅದನ್ನೇ ಕಲಿಯಲು ಹೋಗುತ್ತಾರೆ. ಮಕ್ಕಳಿಗೆ ಮರಳು ಸಾಕು. ನನ್ನ ಮಗನಿಗೆ ಇಂಗ್ಲಿಷು ಸಾಲದು, ತಮ್ಮನ ಮಗಳಿಗೆ ಕನ್ನಡ ಸಾಲದು; ಇಬ್ಬರೂ ಅರ್ಧರ್ಧ ಭಾಷೆಯಲ್ಲಿ ಒಂದು ಕೋಟೆಯನ್ನು ಕಟ್ಟಿದರು. ದೊಡ್ಡವರ ಗತಿ ಹಾಗಲ್ಲ. ಎರಡು ಕುರ್ಚಿಗಳನ್ನು ಹಾಕಿ ನನ್ನನ್ನೂ ತಮ್ಮನನ್ನೂ ಪಕ್ಕಪಕ್ಕದಲ್ಲಿ ಕೂರಿಸಿದರೆ, ಕಡಲಿನ ಸದ್ದು ಬಹಳ ದೊಡ್ಡದಾಗಿ ಕೇಳುತ್ತಿತ್ತು. ನಾವು ಜಗಳವಾಡಿದವರಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು.

2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ತಂದೆಯವರು ತೀರಿಕೊಂಡರು. ತಮ್ಮನಿಗೆ ಬರಲಾಗಲಿಲ್ಲ. ಬಂದರೆ ಮರಳಿ ಹೋಗಲು ವೀಸಾದ ಮುದ್ರೆ ಎಂದು ದೊರೆಯುವುದೋ ತಿಳಿಯದ ಕಾಲ ಅದು. ಕೆಲಸ, ಮನೆ, ಮಗು ಎಲ್ಲ ಅಲ್ಲಿ. ಚಿತಾಗಾರದೊಳಗೆ ಇಬ್ಬರಿಗೆ ಮಾತ್ರ ಪ್ರವೇಶ. ತಲೆಯಿಂದ ಕಾಲಿನವರೆಗೆ ಬಿಳಿಯ ಮುಸುಕು ತೊಟ್ಟುಕೊಂಡು, ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಮೂರು ಸುತ್ತು ಬಂದವಳು ನಾನು. ಯಜಮಾನರು ಫೋನನ್ನು ಎತ್ತಿ ಹಿಡಿದಿದ್ದರು. ಅದರೊಳಗಿಂದ ತಮ್ಮ ನೋಡುತ್ತಿದ್ದ. ಮಗಳು ಮಾಡಬಹುದೇ ಎಂದು ಆಮೇಲೆ ಕೇಳಿದ ಬಂಧುಗಳಿದ್ದರು. ಅವರಾರೂ ಆ ದಿನ ಬಂದಿರಲಿಲ್ಲ. ತಮ್ಮ ಅನಂತರ ಎರಡು ಸಲ ಊರಿಗೆ ಬಂದು ಹೋದ, ಎರಡು ಸಲವೂ ಡಿಸೆಂಬರಿನಲ್ಲಿ. ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಶ್ರಾದ್ಧದ ದಿನ ಹಣ ಕಳುಹಿಸುತ್ತಿದ್ದ. ಆ ಹಣವನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಬರದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು.

ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ರಾತ್ರಿ, ಡಿಸೆಂಬರ್ 16ರಿಂದ 24ರವರೆಗೆ, ಮೆಕ್ಸಿಕೋದ ಬೀದಿಬೀದಿಗಳಲ್ಲಿ ‘ಪೊಸಾದಾ’ ನಡೆಯುತ್ತದೆ. ಪೊಸಾದಾ ಎಂದರೆ ಛತ್ರ, ತಂಗುದಾಣ. ತುಂಬು ಗರ್ಭಿಣಿ ಮೇರಿಯೂ ಜೋಸೆಫನೂ ಬೆತ್ಲೆಹೇಮಿನಲ್ಲಿ ತಂಗಲು ಎಡೆ ಬೇಡುತ್ತ ಅಲೆದ ಕಥೆಯ ಆಟ ಅದು. ಮಕ್ಕಳೂ ಹಿರಿಯರೂ ಮೊಂಬತ್ತಿ ಹಿಡಿದು ಒಂದು ಮನೆಯ ಬಾಗಿಲಿಗೆ ಬಂದು ಹಾಡಿನಲ್ಲಿ ಎಡೆ ಬೇಡುತ್ತಾರೆ. ಒಳಗಿನವರು ಹಾಡಿನಲ್ಲಿಯೇ ಇಲ್ಲವೆನ್ನುತ್ತಾರೆ. ಮುಂದಿನ ಮನೆ, ಅಲ್ಲಿಯೂ ಇಲ್ಲ. ಕೊನೆಯ ಮನೆಯಲ್ಲಿ ಬಂದವರಾರೆಂಬುದು ತಿಳಿದು ಬಾಗಿಲು ತೆರೆಯುತ್ತದೆ. ನಾವಿದ್ದ ಬೀದಿಯಲ್ಲಿ ಡಿಸೆಂಬರ್ 23ರ ರಾತ್ರಿ ನಮ್ಮ ಬಾಡಿಗೆ ಮನೆಯೂ ಒಂದು ನಿಲ್ದಾಣವಾಯಿತು. ಒಡತಿ ನಮ್ಮೆಲ್ಲರನ್ನೂ ಬಾಗಿಲ ಹಿಂದೆ ನಿಲ್ಲಿಸಿ, ಹೊರಗಿನವರನ್ನು ಗದರಿಸುವ ಪಾತ್ರವನ್ನು ಕೊಟ್ಟಳು. ಪದಗಳು ತಿಳಿಯದಿದ್ದರೂ ರಾಗವನ್ನು ಹಿಡಿದು ನಾವೂ ಇಲ್ಲವೆಂದೆವು. ತಾಯಿಯವರಿಗೆ ಕಥೆಯನ್ನು ಮೊಮ್ಮಗಳು ಹೇಳಿದ್ದಳು; ಅವರು ಒಪ್ಪಲಿಲ್ಲ. “ಬಸುರಿ ಹೆಂಗಸಿಗೆ ಇಲ್ಲವೆನ್ನುವುದೇ? ಆಟವಾದರೂ ಬೇಡ” ಎಂದು ಒಳಗೆ ಹೋಗಿ ಕುಳಿತರು.

ಕೊನೆಯ ಮನೆಯ ಅಂಗಳದಲ್ಲಿ ಪೇರಲೆ, ಕಬ್ಬು, ಹುಣಿಸೆ ಹಾಕಿ ಕುದಿಸಿದ ಬಿಸಿ ಪಾನಕ, ಮಕ್ಕಳಿಗೆಲ್ಲ ಕಡಲೆಕಾಯಿ ಸಿಹಿತಿಂಡಿಗಳ ಚೀಲ, ಆಮೇಲೆ ‘ಪಿನ್ಯಾತ’. ಏಳು ಮೂಲೆಯ ನಕ್ಷತ್ರದಂತೆ ಬಣ್ಣದ ಕಾಗದದಿಂದ ಅಲಂಕರಿಸಿ ತೂಗುಹಾಕಿದ ಬುಟ್ಟಿ. ಏಳು ಮೂಲೆಗಳು ಏಳು ಪಾಪಗಳಂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಕೋಲಿನಿಂದ ಬಡಿಯಬೇಕು. ನಮ್ಮ ಮೊಸರುಕುಡಿಕೆಯ ನೆಂಟ. ಈಗ ಬಹುತೇಕ ಕಡೆ ಒಳಗೂ ಕಾಗದವೇ. ಆ ಬೀದಿಯವರು ಹಳೆಯ ಸಂಪ್ರದಾಯ ಬಿಟ್ಟಿರಲಿಲ್ಲ. ಒಳಗೆ ಮಣ್ಣಿನ ಮಡಕೆಯಿತ್ತು. ನನ್ನ ಮಗನ ಮೂರನೆಯ ಏಟಿಗೆ ಅದು ಒಡೆಯಿತು. ಹಣ್ಣು ಮಿಠಾಯಿ ಸುರಿದುವು, ಮಕ್ಕಳು ಮೇಲೆ ಬಿದ್ದರು. ತಿರುಗಿ ನೋಡಿದರೆ ತಮ್ಮ ಅಂಗಳದಲ್ಲಿರಲಿಲ್ಲ.

ಅವನು ನಮ್ಮ ಮನೆಯ ಮೆಟ್ಟಿಲಿನ ಮೇಲೆ ಕುಳಿತಿದ್ದ. ನಾನೂ ಹೋಗಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ, “ನಾನು ನೋಡಲಿಲ್ಲ” ಎಂದ. ಏನನ್ನು ಎಂದು ಕೇಳಲಿಲ್ಲ. “ನೀನು ಮಡಕೆಯನ್ನು ಹೆಗಲಿಗೆ ಏರಿಸಿಕೊಂಡೆ. ಅಲ್ಲಿಗೆ ಚಿತ್ರ ನಿಂತುಹೋಯಿತು. ನಿನ್ನ ಬೆನ್ನು ಮಾತ್ರ. ಎಷ್ಟು ಹೊತ್ತೋ ಹಾಗೆಯೇ ನೋಡುತ್ತ ಕುಳಿತೆ. ಮತ್ತೆ ಸಂಪರ್ಕ ಬಂದಾಗ ಎಲ್ಲ ಮುಗಿದಿತ್ತು. ಅಮ್ಮ ಕೇಳಿದಾಗ ಎಲ್ಲ ನೋಡಿದೆ ಎಂದೆ.” ಮೂರೂವರೆ ವರ್ಷ ಈ ಸುಳ್ಳನ್ನು ಇಟ್ಟುಕೊಂಡಿದ್ದ. ಆಮೇಲೆ, ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿಕೊಂಡ ದಿನದ ಪಾಠವನ್ನು ಕೇಳುತ್ತಿದ್ದ ದನಿಯಲ್ಲಿಯೇ, “ಏನಾಯಿತು ಹೇಳು” ಎಂದ.

ಹೇಳಿದೆ. ಹೇಳಬೇಕಾದರೆ ನನ್ನದೂ ಒಂದನ್ನು ಹೇಳಬೇಕಾಯಿತು. ಮಡಕೆ ಒಡೆಯಲಿಲ್ಲ. ಹಿಂದಕ್ಕೆ ಬಿಟ್ಟೆ, ಬೂದಿಯೂ ಮರಳೂ ಕಲಸಿದ ಮೆತ್ತನೆಯ ನೆಲದ ಮೇಲೆ ಬಿದ್ದು ಹೊರಳಿತು. ತಿರುಗಿ ನೋಡಬಾರದೆಂದು ಹೇಳಿದ್ದರು. ಸದ್ದು ಕೇಳದೆ ನಾನು ತಿರುಗಿ ನೋಡಿದೆ. ಅಲ್ಲಿಯ ಕೆಲಸದವನು ಒಂದು ಕಲ್ಲು ತಂದು ಒಡೆದ. ಹೊರಗೆ ಇನ್ನೂ ಹಲವು ಹೆಣಗಳು ಕಾಯುತ್ತಿದ್ದುವು. ನಾನು ಹೆಣ್ಣೆಂದು ಹೀಗಾಯಿತೋ, ಕೈಯಲ್ಲಿ ಬಲವಿಲ್ಲದೆ ಹೀಗಾಯಿತೋ ಎಂದು ಆ ಮೂರೂವರೆ ವರ್ಷ ಎಷ್ಟು ರಾತ್ರಿ ಯೋಚಿಸಿದ್ದೇನೆಂಬುದು ನನಗೇ ಗೊತ್ತು. ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ ಆ ವಿಷಯವನ್ನು ಎತ್ತಬೇಡಿರೆಂದಿದ್ದೆ. ತಮ್ಮ ಏನೂ ಅನ್ನಲಿಲ್ಲ. ನನ್ನ ಅಂಗೈಯನ್ನು ತೆಗೆದುಕೊಂಡು ತಿರುವಿ ನೋಡಿ ಬಿಟ್ಟ. ಕೆಳಗೆ ಅಂಗಳದಲ್ಲಿ ಇನ್ನೂ ಹಾಡುತ್ತಿದ್ದರು.

ಬೆಳಗ್ಗೆ ಕಾಫಿ ಸೋಸುತ್ತಿರುವಾಗ ತಾಯಿಯವರು, ನಮ್ಮಿಬ್ಬರ ಕಡೆಗೂ ನೋಡದೆ, “ಅದು ಹೊಸ ಮಡಕೆ. ಹೊಸದು ಗಟ್ಟಿ ಇರುತ್ತದೆ, ಸುಲಭವಾಗಿ ಒಡೆಯುವುದಿಲ್ಲ” ಎಂದರು. ಮೆಟ್ಟಿಲಿನ ಮೇಲಿನ ಕಿಟಕಿ ಅವರ ಕೋಣೆಯದು. ನಮಗೆ ಅದು ಹೊಳೆದಿರಲಿಲ್ಲ. “ಅವರಿಗೂ ಗೊತ್ತು” ಎಂದು ಸೇರಿಸಿದರು. ಯಾರಿಗೆಂದು ನಾವು ಕೇಳಲಿಲ್ಲ.

ತಿಮಿಂಗಿಲಗಳ ವಿಷಯ ಹೇಳದೆ ಮುಗಿಸಿದರೆ ಮಕ್ಕಳು ನನ್ನನ್ನು ಕ್ಷಮಿಸುವುದಿಲ್ಲ. ಗೂನುಬೆನ್ನಿನ ತಿಮಿಂಗಿಲಗಳು ಉತ್ತರ ಪೆಸಿಫಿಕ್ಕಿನ ತಣ್ಣನೆಯ ನೀರಿನಿಂದ ಸಾವಿರಾರು ಮೈಲಿ ಈಜಿ, ಚಳಿಗಾಲದಲ್ಲಿ ಈ ಕೊಲ್ಲಿಗೆ ಬರುತ್ತವೆ. ಕೂಡುವುದಕ್ಕೆ, ಮರಿ ಹಾಕುವುದಕ್ಕೆ. ಇಲ್ಲಿರುವಷ್ಟು ಕಾಲ ಅವಕ್ಕೆ ಹೆಚ್ಚುಕಡಮೆ ಉಪವಾಸ. ಹುಟ್ಟಿದ ಮರಿ ಸುಮಾರು ನಾಲ್ಕು ಮೀಟರ್ ಉದ್ದ, ಒಂದು ಟನ್ ತೂಕ. ಡಿಸೆಂಬರ್ 8ರಿಂದ ಮಾರ್ಚ್ 23ರವರೆಗೆ ಪರವಾನಗಿಯುಳ್ಳ ದೋಣಿಗಳು ಮಾತ್ರ ಅವುಗಳ ಬಳಿಗೆ ಹೋಗಬಹುದು. ಒಂದು ಬೆಳಗ್ಗೆ ನಾವು ಏಳು ಜನ ಕಿರುದೋಣಿಯೊಂದರಲ್ಲಿ ಹೊರಟೆವು. ಒಂದು ಗಂಟೆ ಏನೂ ಇಲ್ಲ. ಆಮೇಲೆ ನೀರು ಉಸಿರು ಬಿಟ್ಟಿತು. ಹಾಗಲ್ಲದೆ ಬೇರೆ ರೀತಿ ಹೇಳಲು ನನಗೆ ತಿಳಿಯದು. ಕಪ್ಪು ಬೆನ್ನೊಂದು ಏರಿ, ಅದರ ಪಕ್ಕದಲ್ಲಿ ಚಿಕ್ಕ ಬೆನ್ನೊಂದು ಏರಿ, ಎರಡೂ ಇಳಿದುವು. ನನ್ನ ಮಗ ಕೂಗಲಿಲ್ಲ. ಅವನು ಕೂಗದೆ ಇದ್ದುದನ್ನು ನಾನು ಅಂದು ಮೊದಲು ನೋಡಿದ್ದು.

ದೋಣಿಯವನು ಯಂತ್ರ ನಿಲ್ಲಿಸಿ, ನೀರಿನೊಳಗೆ ಒಂದು ಧ್ವನಿಗ್ರಾಹಕವನ್ನು ಇಳಿಬಿಟ್ಟ. ಹಾಡು ಕೇಳಿಸಿತು. ಹಾಡುವುದು ಗಂಡು ಮಾತ್ರ. ರಾಜರ್ ಪೇನ್, ಸ್ಕಾಟ್ ಮ್ಯಾಕ್ವೇ ಎಂಬ ವಿಜ್ಞಾನಿಗಳು 1971ರಲ್ಲಿ ಇದು ಬರಿಯ ಸದ್ದಲ್ಲ, ಕ್ರಮವರಿತು ಪುನರಾವರ್ತನೆಯಾಗುವ ಹಾಡು ಎಂದು ತೋರಿಸಿಕೊಟ್ಟರು. ಒಂದು ಸಮುದ್ರದ ಗಂಡುಗಳೆಲ್ಲ ಒಂದು ಋತುವಿನಲ್ಲಿ ಬಹುಮಟ್ಟಿಗೆ ಒಂದೇ ಹಾಡನ್ನು ಹಾಡುತ್ತವೆ. ವರ್ಷ ವರ್ಷಕ್ಕೆ ಅದು ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತದೆ. 1988ರಲ್ಲಿ ಲಿಂಡಾ ಗಿನೀ, ಕ್ಯಾಥರೀನ್ ಪೇನ್ ಇವರು ಇನ್ನೊಂದನ್ನು ಗಮನಿಸಿದರು: ಹಾಡು ಉದ್ದವಾಗಿ, ವಸ್ತು ಹೆಚ್ಚಾದಾಗ, ತಿಮಿಂಗಿಲಗಳು ಪ್ರಾಸದಂತಹ ಆವರ್ತನೆಗಳನ್ನು ಬಳಸುತ್ತವೆ, ಬಹುಶಃ ನೆನಪಿಟ್ಟುಕೊಳ್ಳುವುದಕ್ಕೆ. ಎರಡನೆಯ ಅಕ್ಷರದ ಪ್ರಾಸವನ್ನು ಸಾವಿರ ವರ್ಷ ಬಿಡದೆ ಹಿಡಿದ ಭಾಷೆಯ ಅಧ್ಯಾಪಿಕೆ ಇದನ್ನು ಕೇಳಿ ದೋಣಿಯಲ್ಲಿ ಎಷ್ಟು ಸಂಭ್ರಮಪಟ್ಟಳೆಂಬುದನ್ನು ಯಜಮಾನರು ಇನ್ನೂ ಬಂಧುಗಳಿಗೆ ಹೇಳಿ ನಗುತ್ತಾರೆ. ತಾಯಿಯವರು ಕಿವಿಗೊಟ್ಟು ಕೇಳಿ, “ಇದು ಹಾಡೋ, ಅಳುವೋ?” ಎಂದರು. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ದೋಣಿಯವನು ಹೆಗಲು ಹಾರಿಸಿ, ಏಕೆ ಹಾಡುತ್ತವೆಂದು ಖಚಿತವಾಗಿ ಯಾರಿಗೂ ತಿಳಿಯದ್ದರಿಂದ ಅಜ್ಜಿ ಹೇಳಿದ್ದೂ ಇರಬಹುದೆಂದ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ, ತಾಯಿಯವರ ಕೈಚೀಲದಿಂದ ಎರಡು ಒಣಮೆಣಸಿನಕಾಯಿ ಮತ್ತು ಸುಲಿದ ಒಂದು ಕಳ್ಳಿಯ ಹಲಗೆ ಹೊರಬಂದುವು. ಅಮೆರಿಕದ ಗಡಿಯಲ್ಲಿ ಬಿಡುವುದಿಲ್ಲವೆಂದು ಸೊಸೆ ಅವನ್ನು ತೆಗೆದಿಟ್ಟಳು. ಸಾಲಿನಲ್ಲಿ ನಿಂತಿರುವಾಗ ತಮ್ಮ ನನ್ನ ಹತ್ತಿರಕ್ಕೆ ಸರಿದು, “ತಿಥಿ ಯಾವುದು? ಈ ಸಲ ಬರುತ್ತೇನೆ” ಎಂದ. ವೈಶಾಖ ಶುದ್ಧ ದಶಮಿ ಎಂದೆ. ಅವನು ಫೋನು ತೆರೆದು ದಿನಗಳನ್ನು ಮುಂದಕ್ಕೆ ಸರಿಸುತ್ತ ಹೋದ. ಅವನ ಪಂಚಾಂಗದಲ್ಲಿ ವೈಶಾಖವಿರಲಿಲ್ಲ. ಮೇ ತಿಂಗಳ ಮೊದಲನೆಯ ವಾರದಲ್ಲಿ ಬರುತ್ತದೆಂದು ತಾಯಿಯವರು ಬೆರಳು ಮಡಿಸಿ ಎಣಿಸಿ ಹೇಳಿದರು. “ಏಳನೆಯ ತಾರೀಖು, ಬುಧವಾರ.” ಅವನು ಬರೆದುಕೊಂಡ.